ಮೂರು ಹೆಸರಿನ ಒಂದು ತೋಳು

ಮೊದಲು ಆ ಕಿಟಕಿಯ ವಿಷಯ ಹೇಳಿಬಿಡುತ್ತೇನೆ. ನನ್ನ ತಪ್ಪು ಆಮೇಲೆ ಬರುತ್ತದೆ. ಬಚ್ಚಿಡುವುದಿಲ್ಲ.

ಸರ್ಕಾರಿ ಆಸ್ಪತ್ರೆಯ ಹಿಂಬದಿ, ಸೈಕಲ್ ನಿಲ್ಲಿಸುವ ಜಾಗದ ಪಕ್ಕ ಒಂದು ಕಿಟಕಿ ಇದೆ. ಅದಕ್ಕೆ ಪ್ಲೈವುಡ್ ಹಲಗೆ ಹೊಡೆದು, ನಡುವೆ ಒಂದು ತೋಳು ಹೋಗುವಷ್ಟು ತೂತು ಕೊರೆದಿದ್ದಾರೆ. ನಮ್ಮಂಥವರು ಎಚ್‌ಐವಿ ಪರೀಕ್ಷೆಗೆ ಬಂದರೆ ಹೊರಗೆ ನಿಂತು ಆ ತೂತಿನೊಳಗೆ ತೋಳು ಹಾಕಬೇಕು. ಒಳಗಿರುವವನು ರಕ್ತ ತೆಗೆಯುತ್ತಾನೆ. ನಮ್ಮ ಜೊತೆ ಒಂದೇ ಬೆಂಚಿನಲ್ಲಿ ಕೂರಲು ಉಳಿದ ರೋಗಿಗಳು ತಕರಾರು ಮಾಡಿದರಂತೆ. ಅದಕ್ಕೆ ಈ ಏರ್ಪಾಡು. ಮೇಲೆ ‘ವಿಶೇಷ ಸೌಲಭ್ಯ’ ಎಂಬ ಬೋರ್ಡು. ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸಿದರು. ನಾನೂ ಹಲ್ಲು ಬಿಟ್ಟುಕೊಂಡು ಚಪ್ಪಾಳೆ ತಟ್ಟಿದೆ.

ನಮ್ಮಂಥವರು ಅಂದರೆ, ಹುಟ್ಟಿದಾಗ ಕಾಗದದಲ್ಲಿ ಗಂಡು ಎಂದು ಬರೆಸಿಕೊಂಡ ಹೆಂಗಸರು. ಕಾಗದ ಬದಲಾಗಿಲ್ಲ. ಹಾಗಾಗಿ ಕಿಟಕಿಗೆ ಹೋಗುವ ಮೊದಲು ಇನ್ನೊಂದು ಮರ್ಯಾದೆ ಬಾಕಿ ಇರುತ್ತದೆ. ಮುಂದಿನ ದೊಡ್ಡ ಹಾಲಿನಲ್ಲಿ, ಗಂಡಸರ ಸಾಲಿನಲ್ಲಿ ನಿಂತು ಚೀಟಿ ಮಾಡಿಸಬೇಕು. ಗಾಜಿನ ಹಿಂದೆ ಕೂತ ಗುಮಾಸ್ತ ಮೈಕಿನಲ್ಲಿ ಕೂಗುತ್ತಾನೆ. ಯಾವ ಹೆಸರನ್ನು ಹೂತು ಬಂದಿದ್ದೇವೋ ಅದೇ ಹೆಸರು. ಕೂಗಿದ ಮೇಲೆ ಸೀರೆಯಲ್ಲೋ ಚೂಡಿದಾರದಲ್ಲೋ ನಾವು ಎದ್ದು ನಡೆಯಬೇಕು. ಹಾಲು ನಗುತ್ತದೆ. ಹಾಲಿನ ಈ ತುದಿಯಿಂದ ಆ ತುದಿಗೆ ಅರವತ್ತು ಹೆಜ್ಜೆ.

ನನ್ನ ಕೆಲಸ ಜನರನ್ನು ಆ ಕಿಟಕಿಗೆ ಕರೆತರುವುದು. ಒಂದು ಸಂಸ್ಥೆಯಲ್ಲಿ ಆರೋಗ್ಯ ಕಾರ್ಯಕರ್ತೆ. ಬ್ಯಾಗಿನಲ್ಲಿ ಕಾಂಡೋಮು, ಒಂದು ಮರದ ಮಾದರಿ, ನಾಲ್ಕು ಚಿತ್ರ. ಮರದ ಮಾದರಿ ಹಿಡಿದು ನಾನು ಪಾಠ ಮಾಡುವುದು ನೋಡಿ ನಮ್ಮವರು ನನಗೆ ಮೇಷ್ಟ್ರಕ್ಕ ಎಂದು ಹೆಸರಿಟ್ಟರು. “ಮೇಷ್ಟ್ರಕ್ಕ, ನಿಮ್ಮ ಮರದ ಯಜಮಾನರು ಆರಾಮಾಗಿದಾರಾ?” ಎಂದು ರೇಗಿಸುತ್ತಿದ್ದರು. ನನಗೆ ಒಳಗೊಳಗೇ ಹೆಮ್ಮೆ. ಆ ಹೆಮ್ಮೆಯೂ ಈ ಕಥೆಯಲ್ಲಿ ಅಪರಾಧಿ.

ನನ್ನ ಕೋಣೆಯಲ್ಲಿ ನನ್ನ ಜೊತೆ ಇದ್ದವಳು ಲವಂಗ. ಸಣ್ಣಗಿದ್ದಳು, ಖಾರವಾಗಿದ್ದಳು, ಅದಕ್ಕೆ ಆ ಹೆಸರು. ಮೂರು ವರ್ಷದ ಹಿಂದೆ ಅವಳ ಅಣ್ಣ ತಲೆ ಬೋಳಿಸಿ ಮನೆಯಿಂದ ಹೊರಹಾಕಿದಾಗ ಬಂದಳು. ತಲೆಗೆ ಟವೆಲ್ ಸುತ್ತಿಕೊಂಡು ಬಾಗಿಲಲ್ಲಿ ನಿಂತು, “ಅಕ್ಕಾ, ಕೂದಲು ಬೆಳೆಯೋವರೆಗೆ ಇರ್ತೀನಿ” ಎಂದಳು. ಕೂದಲು ಸೊಂಟ ಮುಟ್ಟಿತು. ಅವಳು ಹೋಗಲಿಲ್ಲ. ನಾನೂ ಹೋಗು ಎನ್ನಲಿಲ್ಲ. ಸ್ವಂತ ತಂಗಿಯ ಮುಖ ನೋಡಿ ನನಗೆ ಇಪ್ಪತ್ತು ವರ್ಷವಾಗಿತ್ತು.

ಲವಂಗ ಹಗಲು ಒಂದು ಲಾಂಡ್ರಿಯಲ್ಲಿ ದುಡಿಯುತ್ತಿದ್ದಳು. ಮುಂದಿನ ಕೌಂಟರಿನಲ್ಲಿ ಬಟ್ಟೆ ತಗೊಳ್ಳುವುದು, ಗುರುತಿನ ಚೀಟಿ ಪಿನ್ನು ಮಾಡುವುದು. ಅಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಸಂಬಳ ಸಾಲದು, ವಾರದಲ್ಲಿ ಮೂರು ಸಂಜೆ ರಸ್ತೆಗೆ ನಿಲ್ಲುತ್ತಿದ್ದಳು. ಒಮ್ಮೆ ಪೊಲೀಸಿನವನು ಅವಳ ಬ್ಯಾಗನ್ನು ಫುಟ್‌ಪಾತಿನ ಮೇಲೆ ಸುರಿದ. ನಾನು ಕೊಟ್ಟ ಕಾಂಡೋಮುಗಳು ಬಿದ್ದವು. “ಇದೇ ಸಾಕು ನಿನ್ನನ್ನ ಒಳಗೆ ಹಾಕೋಕೆ” ಎಂದ. ಅಂದಿನಿಂದ ಅವಳು ಬ್ಯಾಗಿನಲ್ಲಿ ಕಾಂಡೋಮು ಇಡುವುದನ್ನೇ ಬಿಟ್ಟಳು. ಗಿರಾಕಿಯ ಹತ್ತಿರ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇದು ನನಗೆ ಗೊತ್ತಿತ್ತು. ಅವಳೇ ಹೇಳಿದ್ದಳು. ಆಮೇಲೊಂದು ಸಲ ಹದಿನೈದು ದಿನ ಜ್ವರ ಬಂದು ಮಲಗಿದಳು. ಗಂಜಿ ಕುಡಿಸಿದವಳು ನಾನೇ. ಅದೂ ಗೊತ್ತಿತ್ತು.

ಜ್ವರ ಬಿಟ್ಟ ಮೇಲೆ ನಾನೇ ಪರೀಕ್ಷೆಗೆ ಎಳೆದುಕೊಂಡು ಹೋದೆ. ಮೈಕು ಕೂಗಿತು. ಅವಳು ಎದ್ದಳು. ಆವತ್ತು ಬೆಂಚಿನ ಮೇಲೆ ಲಾಂಡ್ರಿಗೆ ಬಟ್ಟೆಗಂಟು ತರುವ ಡ್ರೈವರ್ ಕೂತಿದ್ದ. ಒಂದು ಕ್ಷಣ ಬಾಯಿ ಬಿಟ್ಟುಕೊಂಡು ನೋಡಿದ. ಆಮೇಲೆ ತೊಡೆ ತಟ್ಟಿಕೊಂಡು ನಕ್ಕ. ಮೈಕು ಹೇಳಿದ ಹೆಸರನ್ನೇ ಮತ್ತೆ ಕೂಗಿದ. ಲವಂಗ ಕಿಟಕಿಯ ಕಡೆ ಹೋಗಲೇ ಇಲ್ಲ. ಗೇಟಿನ ಹೊರಗೆ ಚರಂಡಿಯ ಹತ್ತಿರ ಕೂತು ವಾಂತಿ ಮಾಡಿಕೊಂಡಳು.

ಮರುದಿನ ಲಾಂಡ್ರಿಯ ಯಜಮಾನ ಅವಳನ್ನು ಕೌಂಟರಿನಿಂದ ಎಬ್ಬಿಸಿ ಹಿಂದಿನ ಇಸ್ತ್ರಿ ಕೋಣೆಗೆ ಹಾಕಿದ. ತಗಡಿನ ಮಾಡು, ಕಿಟಕಿಯಿಲ್ಲ, ಹಬೆ. ಹೋಟೆಲಿನ ಹಾಸಿಗೆ ಬಟ್ಟೆಗಳು ಒದ್ದೆಯಾಗಿ ಬರುತ್ತವೆ. ಎತ್ತಬೇಕು, ಹಾಸಬೇಕು, ದೊಡ್ಡ ಪ್ರೆಸ್ಸಿನ ಹಿಡಿಯನ್ನು ಎರಡೂ ಕೈಯಲ್ಲಿ ಕೆಳಗೆ ಒತ್ತಬೇಕು. ದಿನಕ್ಕೆ ಇನ್ನೂರು ಹಾಸುಬಟ್ಟೆ. ಅವಳ ಬೆರಳ ತುದಿಗಳು ಸುಲಿದು ಕೆಂಪಾದವು. ಊಟದ ತಟ್ಟೆ ಬೇರೆ ಇಟ್ಟರು. “ಸತ್ರೂ ಆ ಹಾಲಿಗೆ ಹೋಗಲ್ಲ ಅಕ್ಕಾ” ಎಂದಳು. ನಾನು ಒತ್ತಾಯ ಮಾಡಲಿಲ್ಲ.

ಆಮೇಲೆ ಹೊಸ ಮಾತ್ರೆ ಬಂತು. ನೀಲಿ ಬಣ್ಣದ್ದು. ಸೋಂಕು ಇಲ್ಲದವರು ದಿನಕ್ಕೊಂದು ನುಂಗಿದರೆ ಸೋಂಕು ತಗಲದ ಹಾಗೆ ಕಾಪಾಡುತ್ತದೆ. ನನಗೆ ಎರಡು ದಿನ ತರಬೇತಿ ಕೊಟ್ಟರು. ಕೌನ್ಸೆಲರ್ ಮೇಡಂ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು: ಮೊದಲು ಪರೀಕ್ಷೆ, ಆಮೇಲೆ ಮಾತ್ರೆ. ಸೋಂಕು ಆಗಲೇ ಇರುವವರಿಗೆ ಇದನ್ನು ಕೊಟ್ಟರೆ ಸಾಲದು. ವೈರಸ್ಸು ಸಾಯುವುದಿಲ್ಲ, ಔಷಧಿಗೆ ಪಳಗಿಬಿಡುತ್ತದೆ. ಆಮೇಲೆ ನಿಜವಾದ ಚಿಕಿತ್ಸೆಯ ಔಷಧಿಯೂ ನಾಟದೆ ಹೋಗಬಹುದು. ನಾನು ಬರೆದುಕೊಂಡೆ. ನಮ್ಮವರಿಗೆ ಇದನ್ನೇ ಹತ್ತು ಸಲ ಪಾಠ ಮಾಡಿದೆ.

ಮೊದಲ ತಂಡಕ್ಕೆ ಇಪ್ಪತ್ತು ಜನ ಬೇಕಿತ್ತು. ಶನಿವಾರ ಕೊನೆಯ ದಿನ. ಇಪ್ಪತ್ತು ತುಂಬದಿದ್ದರೆ ಮಾತ್ರೆ ಬೇರೆ ಊರಿಗೆ ಹೋಗುತ್ತದೆ ಎಂದ ನಮ್ಮ ಮ್ಯಾನೇಜರ್. ನನ್ನ ಹತ್ತಿರ ಹದಿನೇಳು ಜನ ಇದ್ದರು. ಉಳಿದ ಮೂವರು ಹಾಲಿನ ಹೆಸರೆತ್ತಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಲವಂಗ ಒಬ್ಬಳು. ಇನ್ನೊಬ್ಬಳು ಏಣಿ, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಉದ್ದನೆಯವಳು. ಮತ್ತೊಬ್ಬಳು ರೇಡಿಯೋ, ಮಾತು ನಿಲ್ಲಿಸದವಳು, ಬಟ್ಟೆ ಹೊಲಿಯುತ್ತಾಳೆ.

ಶುಕ್ರವಾರ ಮೂವರ ಹತ್ತಿರವೂ ಹೇಳಿದೆ, “ನಿಮ್ಮ ಆಸ್ಪತ್ರೆ ಕಾರ್ಡು ಕೊಡಿ. ನಾನು ನೋಡ್ಕೋತೀನಿ.”

ಲವಂಗ ಮಾತ್ರ ಕೇಳಿದಳು. “ಅಕ್ಕಾ, ರಕ್ತ ನಿಂದು. ನಂದು ಬೇರೆ ಥರ ಇದ್ರೆ?”

“ಏನಾಗಲ್ಲ ಬಿಡೇ. ಗುಂಡುಕಲ್ಲು ಹಂಗಿದೀಯ.”

“ಜ್ವರ ಬಂದಿತ್ತಲ್ಲ.”

“ಊರಿಗೆಲ್ಲ ಬಂದಿತ್ತು. ಸುಮ್ನೆ ತಲೆ ಕೆಡಿಸ್ಕೋಬೇಡ.”

ಮೇಷ್ಟ್ರಕ್ಕ ಹೇಳಿದ ಮೇಲೆ ಮುಗಿಯಿತು. ಅವಳು ಕಾರ್ಡು ಕೊಟ್ಟಳು. ಅವಳನ್ನು ಆ ಅರವತ್ತು ಹೆಜ್ಜೆಯಿಂದ ಉಳಿಸಿದೆ ಎಂದು ನನ್ನ ಎದೆ ಉಬ್ಬಿತು. ಇಪ್ಪತ್ತು ತುಂಬುತ್ತದೆ ಎಂದೂ ಉಬ್ಬಿತು. ಎರಡರಲ್ಲಿ ಯಾವುದು ಹೆಚ್ಚು ಎಂದು ಈಗ ನನ್ನನ್ನೇ ಕೇಳಿಕೊಳ್ಳುತ್ತೇನೆ. ಉತ್ತರ ಗೊತ್ತಾದರೂ ಹೇಳಲು ನಾಚಿಕೆ.

ಶನಿವಾರ ಬೆಳಗ್ಗೆ ಮೈಕು ಮೂರು ಹೆಸರು ಕೂಗಿತು. ಮೂರು ಸಲ ನಾನೇ ಎದ್ದೆ. ಮೂರು ಸಲ ಹಾಲು ನಕ್ಕಿತು. ಈಗ ತಾನೇ ಹೋದವಳು ಇವಳೇ ಅಲ್ಲವಾ ಎಂದು ಒಬ್ಬರೂ ಕೇಳಲಿಲ್ಲ. ನಗುವವರಿಗೆ ಮುಖ ಬೇಕಿರಲಿಲ್ಲ. ಗುಮಾಸ್ತ ತಲೆ ಎತ್ತಲಿಲ್ಲ.

ಕಿಟಕಿಯಲ್ಲಿ ಮೊದಲು ಎಡತೋಳು ಹಾಕಿದೆ. ಎರಡನೆಯ ಸಲ ಬಲತೋಳು. ಮೂರನೆಯ ಸಲ ಹತ್ತಿ ಕಿತ್ತು ಬಿಸಾಡಿ ಮತ್ತೆ ಎಡತೋಳು. ಒಳಗಿನವನು ಫೋನಿನಲ್ಲಿ ಯಾರದೋ ಮದುವೆಯ ಮಾತಾಡುತ್ತಿದ್ದ. ಮೂರನೆಯ ಸಲ ಅವನ ಬೆರಳು ನಿಂತಿತು.

“ಆಗ್ಲೇ ಚುಚ್ಚಿದ ಗಾಯ ಇದೆಯಲ್ಲೋ. ಡ್ರಗ್ಸ್ ತಗೋತೀಯಾ?”

ನಾನು ತೋಳು ಎಳೆದುಕೊಳ್ಳಲಿಲ್ಲ. ಅವನು ತನ್ನಷ್ಟಕ್ಕೆ ತಾನೇ ನಕ್ಕು, ಪಕ್ಕದಲ್ಲೇ ಇನ್ನೊಂದು ತೂತು ಮಾಡಿದ. ಫೋನಿನಲ್ಲಿ, “ಏನಿಲ್ಲ, ಇವರ ಗೋಳು ಇದ್ದಿದ್ದೇ” ಎಂದ.

ಮೂರೂ ವರದಿ ‘ಸೋಂಕಿಲ್ಲ’ ಎಂದು ಬಂತು. ಬರದೆ ಏನು ಮಾಡುತ್ತದೆ? ರಕ್ತ ನನ್ನದು. ಮ್ಯಾನೇಜರ್ ನನಗೆ ಶಾಲು ಹೊದಿಸಿ ಫೋಟೋ ತೆಗೆಸಿದ.

ಐದು ತಿಂಗಳು ಲವಂಗ ದಿನಾ ಬೆಳಗ್ಗೆ ಏಳು ಗಂಟೆಗೆ ನನ್ನ ಕಣ್ಣೆದುರೇ ಮಾತ್ರೆ ನುಂಗಿದಳು. ಒಂದು ದಿನ ತಪ್ಪಿಸಲಿಲ್ಲ. ಮೂರು ತಿಂಗಳಿಗೊಮ್ಮೆ ಮತ್ತೆ ಪರೀಕ್ಷೆಯಾಗಬೇಕು. ಮತ್ತೆ ನಾನೇ ಮೂರು ಸಲ ತೋಳು ಹಾಕಿ ಬಂದೆ. ಎರಡನೆಯ ಸಲ ನನಗೆ ಹೆದರಿಕೆಯೂ ಆಗಲಿಲ್ಲ.

ಒಂದು ಸಂಜೆ ರಸ್ತೆಗೆ ಹೊಸದಾಗಿ ಪರೀಕ್ಷೆಯ ವ್ಯಾನು ಬಂತು. ಇಳಿದ ನರ್ಸ್ ಒಬ್ಬಳು ಪ್ಲಾಸ್ಟಿಕ್ ಕುರ್ಚಿ ಎಳೆದು ಲವಂಗಳನ್ನು ಕೂರಿಸಿ, “ನಿಮ್ಮನ್ನ ಏನಂತ ಕರೀಲಿ?” ಎಂದಳು.

“ಲವಂಗ” ಎಂದಳು ಇವಳು. ತಕ್ಷಣ ಬೆರಳು ಮುಂದೆ ಚಾಚಿದಳು.

ಅಷ್ಟೇ ಸಾಕಾಗಿತ್ತು. ಒಂದು ಕುರ್ಚಿ, ಒಂದು ಪ್ರಶ್ನೆ. ಇದನ್ನು ಕೇಳಿದಾಗಿನಿಂದ ನನಗೆ ಆಸ್ಪತ್ರೆಯ ಮೇಲೆ ಬಂದ ಸಿಟ್ಟು ಇಳಿದಿಲ್ಲ. ನನ್ನ ಮೇಲೆ ಬಂದದ್ದೂ ಇಳಿದಿಲ್ಲ. ಇಪ್ಪತ್ತು ನಿಮಿಷದಲ್ಲಿ ಫಲಿತಾಂಶ ಬಂತು. ಸೋಂಕಿತ್ತು.

ಕೋಣೆಗೆ ಬಂದು ಚಪ್ಪಲಿ ಬಿಡದೆ ನಿಂತಳು. “ಅಕ್ಕಾ, ಇದೆಯಂತೆ” ಎಂದಳು. ನರ್ಸ್ ನೀಲಿ ಮಾತ್ರೆ ನಿಲ್ಲಿಸಲು ಹೇಳಿದ್ದಾಳೆ, ಅದೇ ಸರ್ಕಾರಿ ಆಸ್ಪತ್ರೆಗೆ ಚೀಟಿ ಕೊಟ್ಟಿದ್ದಾಳೆ ಎಂದಳು. ನಾನು ಅವಳ ತಲೆ ನೇವರಿಸಿದೆ. ಇದಕ್ಕೆ ಔಷಧಿ ಇದೆ, ನೂರು ವರ್ಷ ಬದುಕಬಹುದು ಎಂದೆ. ಅದು ನಿಜ. ಹೇಳಬೇಕಾದ ಇನ್ನೊಂದು ನಿಜವನ್ನು ಹೇಳಲಿಲ್ಲ.

ನರ್ಸಿನ ಚೀಟಿ ಇದ್ದದ್ದರಿಂದ ನಾಲ್ಕನೆಯ ದಿನ ಹಾಲಿಗೆ ಹೋಗದೆ ನೇರವಾಗಿ ದೊಡ್ಡ ಡಾಕ್ಟರ ಕೋಣೆಗೆ ಹೋದೆವು. ಡಾಕ್ಟರು ಫೈಲು ತಿರುವಿದರು.

“ಐದು ತಿಂಗಳ ಹಿಂದೆ ಸೋಂಕಿಲ್ಲ. ಎರಡು ತಿಂಗಳ ಹಿಂದೆಯೂ ಇಲ್ಲ. ಈಗ ಇದೆ. ಅಂದ್ರೆ ಮಾತ್ರೆ ತಗೊಂಡಿಲ್ಲ ಇವನು.”

“ದಿನಾ ತಗೊಂಡಿದೀನಿ ಸರ್” ಎಂದಳು ಲವಂಗ.

“ಸುಳ್ಳು ಹೇಳ್ಬೇಡ. ಸರ್ಕಾರದ ಮಾತ್ರೆ ಚರಂಡಿಗೆ ಹಾಕಿ ಬಂದು ಇಲ್ಲಿ ನಾಟಕ ಆಡ್ತೀಯಾ?”

“ಒಂದಿನಾನೂ ತಪ್ಸಿಲ್ಲ ಸರ್.”

ಡಾಕ್ಟರು ನನ್ನ ಕಡೆ ತಿರುಗಿದರು. “ನೀನೇನಮ್ಮ ಹೇಳ್ತೀಯ? ಜೊತೇಲಿರೋಳು ನೀನು.”

ಲವಂಗ ನನ್ನನ್ನು ನೋಡಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಕೆಲಸ ಹೋಗುತ್ತದೆ. ಇಪ್ಪತ್ತೂ ಜನರ ಮಾತ್ರೆ ನಿಲ್ಲುತ್ತದೆ. ಸಂಸ್ಥೆಗೆ ಬೀಗ ಬೀಳುತ್ತದೆ. ಒಂದರ ಹಿಂದೆ ಒಂದು ನೆಪ ಸಾಲಾಗಿ ಬಂತು.

“ಕೆಲವು ದಿನ ಮರ್ತಿರಬಹುದು ಸರ್” ಎಂದೆ.

ನಾನೇ ಅಂದೆ. ನನ್ನ ಬಾಯಿಂದಲೇ ಬಂತು.

ಡಾಕ್ಟರು ಬರೆದುಕೊಂಡರು. ಮಾತ್ರೆ ನುಂಗಿಲ್ಲ, ಹಾಗಾಗಿ ವೈರಸ್ಸು ಔಷಧಿಗೆ ಪಳಗಿರುವ ಪ್ರಶ್ನೆಯೇ ಇಲ್ಲ, ಎಲ್ಲರಿಗೂ ಕೊಡುವ ಚಿಕಿತ್ಸೆಯನ್ನೇ ಎರಡು ವಾರ ಬಿಟ್ಟು ಸೋಮವಾರದಿಂದ ಶುರು ಮಾಡೋಣ ಎಂದರು. ಬೇರೆ ಪರೀಕ್ಷೆ ಬೇಕಿಲ್ಲ ಎಂದರು. ನನ್ನ ಒಂದು ಮಾತಿನ ಮೇಲೆ ಅವಳಿಗೆ ನಾಟದ ಔಷಧಿ ಹೋಗುವುದರಲ್ಲಿತ್ತು.

ನಮ್ಮ ಕೋಣೆ ಹತ್ತಡಿ ಅಗಲ. ಅದರೊಳಗೆ ಇಬ್ಬರೂ ದಿನ ತಳ್ಳಿದೆವು. ಅವಳು ಇಸ್ತ್ರಿ ಕೋಣೆಯಿಂದ ಬರುತ್ತಿದ್ದಳು, ಸ್ನಾನ ಮಾಡುತ್ತಿದ್ದಳು, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ನನ್ನ ಮೇಲೆ ಒಂದು ಮಾತು ಹೊರಿಸಲಿಲ್ಲ. ನನ್ನನ್ನು ಕಾಪಾಡುತ್ತಿದ್ದಾಳೆ ಎಂದುಕೊಂಡೆ. ಹಾಗೆ ಅಂದುಕೊಂಡು ತುತ್ತು ನುಂಗಿದೆ. ತುತ್ತು ಇಳಿಯಿತು ಕೂಡ. ನನ್ನಂಥ ನಾಚಿಕೆಗೆಟ್ಟವಳು ಇನ್ನೊಬ್ಬಳಿಲ್ಲ.

ಸೋಮವಾರ ಬೆಳಗ್ಗೆ ಆಸ್ಪತ್ರೆಯಲ್ಲಿ ಸಭೆ. ಡಾಕ್ಟರು, ಕೌನ್ಸೆಲರ್ ಮೇಡಂ, ನಮ್ಮ ಮ್ಯಾನೇಜರ್, ಏಳೆಂಟು ಜನ ಕಲಿಯುವ ಹುಡುಗ ಹುಡುಗಿಯರು. ನನಗೊಂದು ಕುರ್ಚಿ ಇತ್ತು. ಔಷಧಿ ತಗೊಳ್ಳಲು ಬಂದ ಲವಂಗಳನ್ನು ಗೋಡೆಗೆ ನಿಲ್ಲಿಸಿದ್ದರು. ಡಾಕ್ಟರು ಕಲಿಯುವವರಿಗೆ ಅವಳನ್ನು ತೋರಿಸಿದರು.

“ಇದು ನೋಡಿ ಉದಾಹರಣೆ. ಈ ವರ್ಗದವರಿಗೆ ಶಿಸ್ತಿಲ್ಲ. ಕೈಗೆ ಕೊಟ್ರೂ ನುಂಗಲ್ಲ. ಎರಡನೇ ತಂಡಕ್ಕೆ ಮಾತ್ರೆ ಬೇಡ ಅಂತ ಬರೀತಿದೀನಿ.”

ಒಬ್ಬ ಹುಡುಗಿ ಅದನ್ನು ನೋಟ್ಸ್ ಮಾಡಿಕೊಂಡಳು. ಲವಂಗಳ ಕೈ ಬೆನ್ನ ಹಿಂದೆ ಇತ್ತು. ಸುಲಿದ ಬೆರಳನ್ನು ಬೆರಳಿನಿಂದ ಕೆರೆಯುತ್ತಿದ್ದಳು. ಮೇಜಿನ ಮೇಲೆ ಹೊಸ ಔಷಧಿಯ ಡಬ್ಬಿ ಇತ್ತು. ಮೇಡಂ ಅದನ್ನು ಅವಳ ಕಡೆ ಚಾಚಿದರು.

“ಕೊಡಬೇಡಿ” ಎಂದೆ.

ಎದ್ದು ನಿಂತಿದ್ದೆ. ಯಾವಾಗ ಎದ್ದೆ ಗೊತ್ತಿಲ್ಲ.

“ಅವಳು ದಿನಾ ನುಂಗಿದಾಳೆ. ನಾನು ಕಣ್ಣಾರೆ ನೋಡಿದೀನಿ. ಆವತ್ತು ನಾನು ಸುಳ್ಳು ಹೇಳ್ದೆ. ಅವಳಿಗೆ ಮೊದಲೇ ಸೋಂಕಿತ್ತೇನೋ. ಯಾರೂ ನೋಡಿಲ್ಲ. ಫೈಲಲ್ಲಿರೋ ರಕ್ತ ಅವಳದ್ದಲ್ಲ. ನಂದು.”

ಮ್ಯಾನೇಜರ್ ನನ್ನ ಸೆರಗು ಹಿಡಿದು ಎಳೆದ. “ಕೂತ್ಕೊ. ತಲೆ ನೆಟ್ಟಗಿದೆಯಾ ನಿಂಗೆ?”

“ಸಾಧ್ಯವೇ ಇಲ್ಲ” ಎಂದರು ಡಾಕ್ಟರು. “ನಮ್ಮ ಸಿಬ್ಬಂದಿ ಗುರುತು ನೋಡಿಯೇ ರಕ್ತ ತೆಗೆಯೋದು.”

“ಯಾರ ಗುರುತು ಸರ್? ತೂತಿನಲ್ಲಿ ಏನು ಕಾಣುತ್ತೆ? ಒಂದೇ ಬೆಳಗ್ಗೆ ಈ ತೋಳು ಮೂರು ಹೆಸರು ಹೇಳ್ಕೊಂಡು ಹೋಯ್ತು. ಮೂರನೇ ಸಲ ಅವನಿಗೆ ಗಾಯ ಕಾಣಿಸ್ತು. ಡ್ರಗ್ಸ್ ತಗೋತೀಯಾ ಅಂದ. ಬಗ್ಗಿ ಮುಖ ನೋಡಿದ್ರೆ ಆವತ್ತೇ ಸಿಕ್ಕಿಬೀಳ್ತಿದ್ದೆ. ನೋಡ್ಲಿಲ್ಲ. ನಿಮ್ಮ ಆಸ್ಪತ್ರೇಲಿ ನಮಗೆ ಮುಖ ಇಲ್ಲ. ಮೈಕಲ್ಲಿ ಸತ್ತ ಹೆಸರು ಕೂಗ್ತೀರಿ, ಸೈಕಲ್ ಸ್ಟ್ಯಾಂಡಲ್ಲಿ ತೋಳು ಕೇಳ್ತೀರಿ. ಅದಕ್ಕೆ ಹೆದರಿ ಇವರು ಬರಲ್ಲ. ಬರಲ್ಲ ಅಂತ ನಾನು ಅಡ್ಡದಾರಿ ಹಿಡಿದೆ.”

ಮಾತು ಕಟ್ಟೆ ಒಡೆದು ಬಂತು. ಆದರೆ ಅವರ ತಪ್ಪನ್ನು ಎಷ್ಟು ದೊಡ್ಡದಾಗಿ ಹೇಳಿದರೂ ನನ್ನದು ಒಂದು ಕೂದಲೆಳೆಯಷ್ಟೂ ಸಣ್ಣದಾಗಲಿಲ್ಲ. ಪಾಠ ಕಲಿತವಳು ನಾನು. ಬೋರ್ಡಿನ ಮೇಲಿನ ಸಾಲು ನನಗೆ ಗೊತ್ತಿತ್ತು.

“ಇನ್ಮೇಲೆ ಆ ತೂತಿಗೆ ಒಬ್ಬಳನ್ನೂ ಕರ್ಕೊಂಡು ಬರಲ್ಲ” ಎಂದೆ. “ಬಾಗಿಲು ತೆಗೀರಿ. ಕುರ್ಚಿ ಹಾಕಿ. ಆಮೇಲೆ ನಮ್ಮ ಶಿಸ್ತು ಕೇಳಿ.”

“ನಾಳೆಯಿಂದ ಕೆಲಸಕ್ಕೆ ಬರ್ಬೇಡ” ಎಂದ ಮ್ಯಾನೇಜರ್.

“ಬರಲ್ಲ.”

ಕೌನ್ಸೆಲರ್ ಮೇಡಂ ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡಿದ್ದರು. ಡಾಕ್ಟರ ಕಿವಿಯಲ್ಲಿ ಏನೋ ಹೇಳಿದರು. ಡಾಕ್ಟರ ಮುಖ ಕಪ್ಪಿಟ್ಟಿತು. ಔಷಧಿ ನಾಟುತ್ತದೋ ಇಲ್ಲವೋ ನೋಡುವ ಪರೀಕ್ಷೆ ಮೊದಲು ಆಗಬೇಕು ಎಂದರು. “ಕಿಟಕಿಗೆ ಕಳ್ಸಿ, ರಕ್ತ ತಗೊಳ್ಲಿ.”

ಲವಂಗ ಗೋಡೆ ಬಿಟ್ಟು ಬಂದಳು. ನಾನು ಎದ್ದ ಕುರ್ಚಿ ಖಾಲಿ ಇತ್ತು. ಅದರ ಮೇಲೆ ಕೂತಳು. ತೋಳನ್ನು ಡಾಕ್ಟರ ಮೇಜಿನ ಮೇಲೆ, ಅವರ ಫೈಲುಗಳ ಮೇಲೆಯೇ ಚಾಚಿದಳು.

“ಇಲ್ಲೇ ತಗೊಳ್ಳಿ” ಎಂದಳು. “ಮುಖ ನೋಡ್ಕೊಂಡು ತಗೊಳ್ಳಿ.”

ಯಾರೂ ಅಲ್ಲಾಡಲಿಲ್ಲ. ಅವಳೂ ಅಲ್ಲಾಡಲಿಲ್ಲ. ಕೊನೆಗೆ ಮೇಡಂ ಎದ್ದು ಹೋಗಿ ಸೂಜಿ ತಂದರು. ನೋಟ್ಸ್ ಬರೆಯುತ್ತಿದ್ದ ಹುಡುಗಿ ಪೆನ್ನು ಮುಚ್ಚಿದಳು.

ಹೊರಗೆ ಬಂದೆವು. ಲವಂಗ ಹತ್ತಿ ಒತ್ತಿ ಹಿಡಿದು ಗೇಟಿನವರೆಗೂ ಮುಂದೆ ಮುಂದೆ ನಡೆದಳು. ನಾನು ಹಿಂದೆ ಓಡಿದೆ.

“ನಂಗೋಸ್ಕರ ಬಾಯಿ ಮುಚ್ಕೊಂಡಿದ್ಯಲ್ಲೇ. ನಾನು ಪಾಪಿ” ಎಂದೆ.

ಅವಳು ತಿರುಗಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

“ನಿಂಗೋಸ್ಕರ ಅಲ್ಲ. ನೀನು ಹೇಳ್ತೀಯೋ ಇಲ್ವೋ ಅಂತ ನೋಡ್ತಿದ್ದೆ. ಹದಿನೆಂಟು ದಿನ, ಅಕ್ಕಾ. ರಾತ್ರಿ ನೀನು ಗೊರಕೆ ಹೊಡೀತಿದ್ದೆ.”

ನನ್ನ ಕೆನ್ನೆಗೆ ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಕಾಲು ಹಿಡಿಯಲು ಬಗ್ಗಿದೆ. ಅವಳು ಹಿಂದೆ ಸರಿದಳು.

“ಅದೆಲ್ಲ ಬೇಡ. ಏಣಿಗೆ ಹೇಳಿದ್ಯಾ? ರೇಡಿಯೋಗೆ?”

“ಇಲ್ಲ. ಇವತ್ತು ಹೋಗಿ ಹೇಳ್ತೀನಿ.”

“ಅವರಿಬ್ಬರೂ ಇವತ್ತು ಬೆಳಗ್ಗೇನೂ ನುಂಗಿರ್ತಾರೆ.” ಅವಳು ರಸ್ತೆ ದಾಟಲು ಎರಡೂ ಕಡೆ ನೋಡಿದಳು. “ನಡಿ. ನಾನೂ ಬರ್ತೀನಿ.”

“ನೀನು ಕೋಣೆಗೆ ಹೋಗಿ ಮಲ್ಕೊ. ನಾನು ಹೇಳ್ತೀನಿ, ಆಣೆಗೂ.”

“ನೀನೊಬ್ಳೇ ಹೋದ್ರೆ ಮತ್ತೆ ಒಳ್ಳೆಯವಳಾಗಿಬಿಡ್ತೀಯ” ಎಂದಳು ಲವಂಗ.

ಏಣಿಯ ಕೋಣೆ ಕ್ಯಾಂಟೀನಿನ ಹಿಂದೆ. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡೆ. ಮೊದಲು ಕ್ಷೇಮ ಕೇಳುವುದು, ಆಮೇಲೆ ನಿಧಾನವಾಗಿ ವಿಷಯಕ್ಕೆ ಬರುವುದು, ಭಯಪಡಬೇಡ ಎನ್ನುವುದು. ಬಾಗಿಲು ತಟ್ಟಿದೆ. ಏಣಿ ಸೋಪಿನ ಕೈಯಲ್ಲೇ ಬಾಗಿಲು ತೆಗೆದಳು. ನನ್ನನ್ನು ಕಂಡು ಅವಳ ಮುಖ ಅರಳಿತು.

“ಮೇಷ್ಟ್ರಕ್ಕಾ! ಬನ್ನಿ ಬನ್ನಿ. ನೋಡಿ, ಈ ತಿಂಗಳೂ ಒಂದೂ ತಪ್ಸಿಲ್ಲ” ಎನ್ನುತ್ತಾ ಕಪಾಟಿನ ಕಡೆ ಹೊರಟಳು. ಮಾತ್ರೆ ಡಬ್ಬಿ ತೋರಿಸಲು.

ಜೋಡಿಸಿಕೊಂಡ ಮಾತೆಲ್ಲ ತುದಿನಾಲಿಗೆಗೆ ಬಂತು. ಸಿಹಿಯಾದ ಮಾತುಗಳೇ. ನನ್ನ ಬೆನ್ನ ಹಿಂದೆ ಲವಂಗ ನಿಂತಿದ್ದಳು.

ನಾನು ಒಳಗೆ ಹೋಗಲಿಲ್ಲ. ಹೊಸಿಲ ಆಚೆಯೇ ನಿಂತು ಹೇಳಿದೆ, “ಅದನ್ನ ನುಂಗಬೇಡ. ನಿನ್ನ ಕಾರ್ಡಿನಲ್ಲಿರೋ ರಕ್ತ ನಂದು.”